ಕೆರೆ ಅಂಗಳದ ಗಾಲ್ಫ್



ಮೊನ್ನೆ ಶಿಕಾರಿಪುರ ಬಸ್‌ಸ್ಟ್ಯಾಂಡಲ್ಲಿ ನನ್ನ ಕೈಲಿದ್ದ ಗಾಲ್ಫ್ ಕೋಲು ನೋಡಿ ನಮ್ಮ ಸಂಘಟನೆಯ ಹಿರಿಯರೊಬ್ಬರು, "ಏನೋ, ನೀನೂ ಸಾಹೇಬ ಆಗ್ಬಿಟ್ಯಾ? ಇದು ನಮ್ಮ ಆಟನೇನೋ?" ಅಂದ್ರು. ನಕ್ಕು ಸುಮ್ಮನಾದೆ. ಸೊರಬದ ಬಸ್ ಹತ್ತಿದ ಮೇಲೆ ಆ ಮಾತು ಚುಚ್ಚೋಕೆ ಶುರುವಾಯ್ತು.

ಹತ್ತೊಂಬತ್ತರ ವಯಸ್ಸಲ್ಲಿ ಬೆಂಗಳೂರಿನ ಒಂದು ಕ್ಲಬ್ಬಲ್ಲಿ ನಾನು ಕ್ಯಾಡಿ ಆಗಿದ್ದೆ. ಅಂದ್ರೆ ಸಾಹೇಬರ ಚೀಲ ಹೊರೋನು. ಚೆಂಡು ಎಲ್ಲಿ ಬಿತ್ತು, ಗಾಳಿ ಯಾವ ಕಡೆ, ಯಾವ ಕೋಲು ತಗೋಬೇಕು, ಎಲ್ಲ ನಾವೇ ಹೇಳ್ಬೇಕು. ಆಟ ಮುಗಿದ ಮೇಲೆ ಮಾತ್ರ ಅವರು ಕೂರೋ ವರಾಂಡದ ಮೆಟ್ಟಿಲು ಹತ್ತೋ ಹಾಗಿಲ್ಲ. ಸೋಮವಾರ ಕ್ಲಬ್ಬಿಗೆ ರಜೆ, ಅವತ್ತು ನಮಗೆ ಆಡೋಕೆ ಬಿಡ್ತಿದ್ರು. ಸರಿಯಾದ ಜಾಗಕ್ಕೆ ತಗುಲಿದ ಚೆಂಡು ಕೈಗೆ ಗೊತ್ತೇ ಆಗಲ್ಲ, ಬೆಣ್ಣೆಯಿಂದ ಕೂದಲು ತೆಗೆದಂಗೆ. ಆ ಸುಖ ಒಂದ್ಸಲ ಸಿಕ್ಕಿದೋನು ಬಿಡಲ್ಲ. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ನಮ್ಮ ಬೆಂಗಳೂರಿನ ಸಿ. ಮುನಿಯಪ್ಪನವರೂ ಹಿಂದೆ ಕ್ಯಾಡಿ ಆಗಿದ್ದವರೇ.

ಗಾಲ್ಫಲ್ಲಿ ಹ್ಯಾಂಡಿಕ್ಯಾಪ್ ಅಂತ ಒಂದಿದೆ. ಅಷ್ಟಾಗಿ ಪಳಗದೋನ ಲೆಕ್ಕದಲ್ಲಿ ಇಷ್ಟು ಹೊಡೆತ ಕಳೆದು, ಪಳಗಿದೋನ ಎದುರು ಸಮಕ್ಕೆ ನಿಲ್ಲಿಸ್ತಾರೆ. ಪ್ರತಿಭೆಗೆ ಮೋಸ ಆಯ್ತು ಅಂತ ಯಾರೂ ಅಳಲ್ಲ. ಅದೇ ಬಾಯಿಗಳು ಮೀಸಲಾತಿ ಬಗ್ಗೆ ಏನಂತಿದ್ವು ಅನ್ನೋದನ್ನ ಚೀಲ ಹೊತ್ಕೊಂಡೇ ಎಷ್ಟು ಕೇಳಿದೀನಿ! (ಮೀಸಲಾತಿ ರಿಯಾಯಿತಿ ಅಲ್ಲ, ಪ್ರಾತಿನಿಧ್ಯ. ಹೋಲಿಕೆ ಪೂರ್ತಿ ಕೂರಲ್ಲ, ಗೊತ್ತು. ಆದ್ರೂ.)

ಹಿರಿಯರ ಮಾತಲ್ಲಿ ಸತ್ಯ ಇಲ್ಲ ಅಂತಲ್ಲ. 18 ಗುಳಿಯ ಮೈದಾನಕ್ಕೆ ಸಾಮಾನ್ಯವಾಗಿ ನೂರು ಎಕರೆಗೂ ಮೇಲೆ ಬೇಕು. ನಮ್ಮ ಜನ ಎರಡೆಕರೆ ಬಗರ್‌ಹುಕುಂ ಅರ್ಜಿ ಹಿಡ್ಕೊಂಡು ತಾಲ್ಲೂಕು ಕಚೇರಿ ಅಲೀತಿದ್ದಾರೆ. ಕೆಜಿಎಫ್‌ನಲ್ಲಿ ಜಾನ್ ಟೇಲರ್ ಕಂಪನಿಯ ಇಂಗ್ಲಿಷರು ಮೇಲೆ ಗಾಲ್ಫ್ ಆಡ್ತಿದ್ರೆ, ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಗಣಿಗೆ ಇಳೀತಿದ್ದೋರು ಬಹುಪಾಲು ದಲಿತರು. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾಗಿದ್ದು 1876ರಲ್ಲಿ. ಅದಾಗಿ 51 ವರ್ಷಕ್ಕೆ ಬಾಬಾಸಾಹೇಬರು ಒಂದು ಬೊಗಸೆ ನೀರಿಗಾಗಿ ಮಹಾಡ್ ಕೆರೆಗೆ ನಡೀಬೇಕಾಯ್ತು. ಹಾಗಾಗಿ ನನ್ನ ಜಗಳ ಬೇಲಿ ಜೊತೆ. ಚೆಂಡಿನ ಜೊತೆ ನನಗೇನು ಜಗಳ?

ಈಗ ನಾನು ಆಡೋದು ಸೊರಬದ ಕಡೆ ನಮ್ಮ ಮಾವನ ಊರಿನ ಕೆರೆ ಅಂಗಳದಲ್ಲಿ. ಬೇಸಿಗೇಲಿ ನೀರು ಇಳಿದಿರುತ್ತೆ, ಎಮ್ಮೆಗಳು ಮೇಯ್ದು ಹುಲ್ಲು ಗಿಡ್ಡ ಮಾಡಿರ್ತಾವೆ. ಗುಳಿಯ ಅಗಲ ನಿಯಮದ ಪ್ರಕಾರ 108 ಮಿಲಿಮೀಟರ್. ದೊಡ್ಡ ತೆಂಗಿನ ಕರಟ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. ಕೇರಿ ಹುಡುಗ್ರು ಕರಟ ಹೂತು, ಪಕ್ಕದಲ್ಲಿ ಕೋಲಿಗೆ ನೀಲಿ ಬಟ್ಟೆ ಕಟ್ಟಿದ್ದಾರೆ. ಒಬ್ಬೊಬ್ಬ ಆಟಗಾರನಿಗೆ 14 ಕೋಲಿನವರೆಗೆ ಅವಕಾಶ ಇದೆಯಂತೆ. ನಮ್ಮ ಐದು ಜನಕ್ಕೂ ಸೇರಿ ಒಂದೇ, ನನ್ನ ಹಳೇ ಸೆವೆನ್ ಐರನ್. ಚಿಣ್ಣಿದಾಂಡು ಆಡಿದ ಕೈಗಳು, ಬೇಗ ಕಲಿತ್ವು. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ನನ್ನನ್ನ ಮೂರು ಸಲ ಸೋಲಿಸಿದಾಳೆ.

ನಮ್ಮತ್ತೆ ಮದುವೆಯಾಗಿ ಬಂದ ಹೊಸದರಲ್ಲಿ ಇದೇ ಕೆರೆಗೆ ಇಳಿಯೋ ಹಾಗಿರ್ಲಿಲ್ಲ. ಯಾರಾದ್ರೂ ಮೇಲಿಂದ ಹುಯ್ಯಲಿ ಅಂತ ಕೊಡ ಇಟ್ಕೊಂಡು ಕಾಯ್ತಿದ್ರಂತೆ. ಈಗ ಸಂಜೆ ಏರಿ ಮೇಲೆ ಕೂತು, ಎಲೆಯಡಿಕೆ ಹಾಕ್ಕೊಂಡು, "ಅಲ್ಲೋ, ಆ ಎಮ್ಮೆ ಹಿಂದೆ ಬಿತ್ತು ನೋಡ್ರೋ" ಅಂತ ಚೆಂಡು ತೋರಿಸ್ತಾರೆ.

ಹಿರಿಯರೇ, ಈ ಭಾನುವಾರ ಬನ್ನಿ. ಮಳೆ ಹಿಡಿದ್ರೆ ಅಂಗಳ ಮುಳುಗುತ್ತೆ, ಆಮೇಲೆ ಮುಂದಿನ ಬೇಸಿಗೆವರೆಗೂ ಆಟ ಇಲ್ಲ.