ಎರಡು ಸೇತುವೆ, ನಡುವೆ ಆಳೆತ್ತರ

ಮುಂಬಯಿಯ ಅಂಧೇರಿಯಲ್ಲಿ ರೈಲು ಹಳಿಗಳ ಮೇಲೆ ಹಾಯ್ದು ಪೂರ್ವದಿಂದ ಪಶ್ಚಿಮಕ್ಕೆ ಹೋಗುವ ಗೋಖಲೆ ಸೇತುವೆಯ ಕಥೆ ಇಂಜಿನಿಯರಿಂಗ್ ಓದುವವರಿಗಷ್ಟೇ ಅಲ್ಲ, ದಿನವೂ ಇಂಥ ಸೇತುವೆ ದಾಟಿ ಶಾಲೆಗೆ ಹೋಗುವವರಿಗೂ ತಿಳಿದಿರಬೇಕಾದದ್ದು.

1975ರಲ್ಲಿ ಕಟ್ಟಿದ್ದ ಈ ಸೇತುವೆಯ ಒಂದು ಭಾಗ 2018ರ ಜುಲೈ 3ರ ಬೆಳಿಗ್ಗೆ, ಮಳೆಯ ನಡುವೆ, ಹಳಿಗಳ ಮೇಲೆ ಕುಸಿಯಿತು. ಇಬ್ಬರು ಸತ್ತರು. ಬರುತ್ತಿದ್ದ ಲೋಕಲ್ ರೈಲಿನ ಚಾಲಕ ತಕ್ಷಣ ಬ್ರೇಕ್ ಹಾಕಿದ್ದರಿಂದ ಅನಾಹುತ ಅಷ್ಟಕ್ಕೇ ನಿಂತಿತು. ಬಿದ್ದದ್ದು ಬಸ್ಸು, ಲಾರಿ ಓಡುವ ಭಾಗವಲ್ಲ. ಜನ ನಡೆಯುವ ಕಾಲುದಾರಿ!

ಇದು ಹೇಗೆ? ನಿಮ್ಮ ಮನೆಯ ಕಿಟಕಿಯ ಮೇಲಿನ ಸಜ್ಜಾ ನೋಡಿ. ಅದಕ್ಕೆ ಆಧಾರ ಒಂದೇ ಬದಿಗೆ. ಕಾಲುದಾರಿಯೂ ಹಾಗೆಯೇ ಹೊರಚಾಚಿತ್ತು. ಇಂಥ ಚಾಚಿನ ತುದಿಗೆ ಭಾರ ಹೇರಿದಷ್ಟೂ ಬುಡದ ಮೇಲ್ಭಾಗ ಎಳೆತಕ್ಕೆ ಸಿಗುತ್ತದೆ. ಕಾಂಕ್ರೀಟು ಒತ್ತಡವನ್ನು ತಾಳುತ್ತದೆ, ಎಳೆತವನ್ನು ತಾಳದು. ಆ ಕೆಲಸ ಕಬ್ಬಿಣದ್ದು. ಕಬ್ಬಿಣಕ್ಕೆ ತುಕ್ಕು ಹಿಡಿದರೆ? ವಿಚಾರಣೆಯಲ್ಲಿ ಕಂಡದ್ದೂ ಅದೇ: ಒಂದು ಕಡೆ ತುಕ್ಕು, ಇನ್ನೊಂದು ಕಡೆ ವರ್ಷಗಳಿಂದ ಹೇರುತ್ತಾ ಬಂದ ಕೇಬಲ್ಲು, ಮರಳು, ನೆಲಹಾಸಿನ ಕಲ್ಲು. ಒಂದೊಂದೂ ಸಣ್ಣ ಭಾರ. ಹೇರಿದವರಾರೂ ಒಟ್ಟು ಲೆಕ್ಕ ಹಾಕಿದಂತೆ ಕಾಣುವುದಿಲ್ಲ.

ಹಳಿಯ ಮೇಲಿನ ಭಾಗ ರೈಲ್ವೆಯದು, ಎರಡೂ ಬದಿಯ ಏರುದಾರಿ ನಗರಪಾಲಿಕೆಯದು ಎಂಬ ಹಂಚಿಕೆ ನಮ್ಮ ದೇಶದಲ್ಲಿ ಸಾಮಾನ್ಯ. ಮಳೆನೀರಿಗೆ ಈ ಗಡಿ ಗೊತ್ತಿಲ್ಲ.

2022ರ ನವೆಂಬರಿನಲ್ಲಿ ಸೇತುವೆ ಅಪಾಯಕಾರಿ ಎಂದು ಮುಚ್ಚಿ, ಕೆಡವಿ, ಹೊಸದನ್ನು ಕಟ್ಟಲಾಯಿತು. ಕೆಳಗೆ 25,000 ವೋಲ್ಟಿನ ತಂತಿ, ರೈಲು ನಿಲ್ಲಿಸುವಂತಿಲ್ಲ. ಆದ್ದರಿಂದ ಸುಮಾರು 1,300 ಟನ್ ತೂಕದ ಉಕ್ಕಿನ ತೊಲೆಗಟ್ಟನ್ನು ಎತ್ತರದಲ್ಲಿ ಜೋಡಿಸಿ, ರಾತ್ರಿ ಸಂಚಾರ ತಡೆದ ಅವಧಿಗಳಲ್ಲಿ ಹಳಿಯ ಮೇಲೆ ಸರಿಸಿ, ಬಳಿಕ ಜಾಕ್‌ಗಳ ನೆರವಿನಿಂದ ಇಂಚಿಂಚಾಗಿ ಏಳೂವರೆ ಮೀಟರಿನಷ್ಟು ಕೆಳಗಿಳಿಸಿದರು. ನಿಜಕ್ಕೂ ಮೆಚ್ಚಬೇಕಾದ ಕೆಲಸ.

ಆದರೆ 2024ರ ಫೆಬ್ರವರಿ 26ರಂದು ಒಂದು ಬದಿ ತೆರೆದಾಗ ಊರೇ ನಕ್ಕಿತು. ಪಕ್ಕದ ಬರ್ಫಿವಾಲಾ ಮೇಲ್ಸೇತುವೆ ಇದಕ್ಕೆ ಕೂಡಿಕೊಳ್ಳಬೇಕಿತ್ತು; ಎರಡರ ನಡುವೆ ಸುಮಾರು ಆಳೆತ್ತರದ ವ್ಯತ್ಯಾಸ! ರೈಲ್ವೆಯ ಹೊಸ ನಿಯಮದಂತೆ ಹಳಿಯ ಮೇಲಿನ ಅಂತರ ಹೆಚ್ಚಬೇಕಿದ್ದರಿಂದ ಹೊಸ ಸೇತುವೆ ಮೇಲೇರಿತ್ತು. ಹಳೆಯ ಮೇಲ್ಸೇತುವೆ ಇದ್ದಲ್ಲೇ ಇತ್ತು. ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಲಿ. 30 ಮೀಟರಿಗೆ 1 ಮೀಟರ್ ಏರುವ ದಾರಿಯಲ್ಲಿ ಎತ್ತರವನ್ನು ಒಂದೂವರೆ ಮೀಟರ್ ಹೆಚ್ಚಿಸಿದರೆ ಏರುದಾರಿ 45 ಮೀಟರ್ ಉದ್ದವಾಗಬೇಕು. ಅಂಗಡಿ, ಅಡ್ಡರಸ್ತೆಗಳು ಒತ್ತಿಕೊಂಡಿರುವ ಪೇಟೆಯಲ್ಲಿ ಆ ಜಾಗ ಎಲ್ಲಿಂದ ಬರಬೇಕು?

ಕೊನೆಗೆ ವಿ.ಜೆ.ಟಿ.ಐ. ಮತ್ತು ಐ.ಐ.ಟಿ. ತಜ್ಞರ ಸಲಹೆ ಪಡೆದು, ಬರ್ಫಿವಾಲಾ ಸೇತುವೆಯ ಹಾಸನ್ನೇ ಜಾಕ್‌ನಿಂದ ಎತ್ತಿದರು: ಒಂದು ಬದಿ ಸುಮಾರು 1.4 ಮೀಟರ್, ಇನ್ನೊಂದು ಬದಿ 65 ಸೆಂಟಿಮೀಟರ್. ಕೆಳಗೆ ಕಂಬಗಳ ತಲೆಗೆ ಹೊಸ ಪೀಠ ಕಟ್ಟಿದರು. 2024ರ ಜುಲೈನಲ್ಲಿ ಎರಡೂ ಕೂಡಿದವು. 2025ರ ಮೇ ತಿಂಗಳಲ್ಲಿ ಗೋಖಲೆ ಸೇತುವೆ ಪೂರ್ತಿ ತೆರೆಯಿತು. ಕಾಲುದಾರಿ ಕುಸಿದು ಆಗ ಏಳು ವರ್ಷ ತುಂಬುತ್ತಿತ್ತು.