ಗರಗಸದ ಪಕ್ಕದ ಬೋರ್ಡು ಯಾರ ಭಾಷೆಯಲ್ಲಿರಬೇಕು?

ಕ್ಲಾಂಗ್ ಬಂದರು ಅಂದ್ರೆ ನಮಗೆಲ್ಲ ನೆನಪಾಗೋದು ಹಡಗು, ಕ್ರೇನು, ಸಾಲು ಸಾಲು ಕಂಟೇನರು. 1901ರಲ್ಲಿ ಪೋರ್ಟ್ ಸ್ವೆಟ್ಟೆನ್‌ಹ್ಯಾಮ್ ಎಂಬ ಹೆಸರಿನಲ್ಲಿ ಶುರುವಾದ ಈ ಬಂದರಿಗೆ ಈಗಿನ ಹೆಸರು ಬಂದದ್ದು 1972ರಲ್ಲಿ. ರಬ್ಬರು, ತವರದ ಜೊತೆಗೆ ಮರವೂ ಇಲ್ಲಿಂದ ಹಡಗು ಹತ್ತಿದೆ. 1985ರಲ್ಲಿ ಪರ್ಯಾಯದ್ವೀಪ ಮಲೇಷ್ಯಾದಿಂದ ದಿಮ್ಮಿಗಳ ರಫ್ತನ್ನು ನಿಷೇಧಿಸಿದ ಮೇಲೆ ಮರವನ್ನು ದೇಶದೊಳಗೇ ಕೊಯ್ದು ಕಳಿಸಬೇಕಾಯಿತು. ಕೊಯ್ಯೋಕೆ ಸಾಮಿಲ್ ಬೇಕು, ಸಾಮಿಲ್‌ಗೆ ಜನ ಬೇಕು.

ಈಗ ಇಂಥ ಕೆಲಸಕ್ಕೆ ನೇಪಾಳ, ಬಾಂಗ್ಲಾದೇಶ, ಇಂಡೋನೇಷ್ಯಾ, ಮ್ಯಾನ್ಮಾರ್‌ಗಳಿಂದ ಬಂದವರು ಬಹಳ. ಮಲಯ್ ಭಾಷೆಯ 'ಅವಾಸ್', 'ಬಹಾಯ' ಎಂಬ ಮಾತುಗಳನ್ನು, ಅಂದರೆ ಎಚ್ಚರ, ಅಪಾಯ ಎಂಬುದನ್ನು ಅವರು ನಾಲ್ಕು ದಿನದಲ್ಲಿ ಕಲೀತಾರೆ. ಆದರೆ ಬ್ಲೇಡು ಬಿಚ್ಚೋ ಮೊದಲು ಏನೇನು ಮಾಡಬೇಕು, ಪೆಟ್ಟಾದರೆ ಯಾರಿಗೆ ಹೇಳಬೇಕು, ಓವರ್‌ಟೈಮ್ ಲೆಕ್ಕ ಹೇಗೆ ಅನ್ನೋದೆಲ್ಲ ಒಂದು ಪದದಲ್ಲಿ ಮುಗಿಯುವುದಿಲ್ಲ. ಗರಗಸ ತಿರುಗುವಾಗ ಪಕ್ಕದವನು ಕೂಗಿದ್ದೂ ಕೇಳಿಸದು. ಕಿವಿ ಕೆಲಸ ಮಾಡದ ಜಾಗದಲ್ಲಿ ಮಾತಾಡಬೇಕಾದದ್ದು ಗೋಡೆಯೇ. ಆ ಗೋಡೆಗೆ ಓದುವವನ ಭಾಷೆ ಬರದಿದ್ದರೆ ಹೋಗೋದು ಬೆರಳು.

ನಮ್ಮ ದೇಶದಲ್ಲಿ ಇದು ಹೊಸ ವಿಚಾರವಲ್ಲ. 1948ರ ಕಾರ್ಖಾನೆ ಕಾಯ್ದೆಯ 108ನೇ ಕಲಮು ನೋಟೀಸುಗಳು ಇಂಗ್ಲಿಷಿನಲ್ಲೂ ಹೆಚ್ಚಿನ ಕೆಲಸಗಾರರಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕು, ಮುಖ್ಯ ಬಾಗಿಲ ಬಳಿ ಕಾಣುವಂತಿರಬೇಕು, ಸ್ವಚ್ಛವಾಗಿ ಓದುವಂತಿರಬೇಕು ಎಂದಿತ್ತು. ಒಳ್ಳೆಯ ಮಾತು. ಆದರೆ 'ಹೆಚ್ಚಿನವರು' ಅನ್ನೋ ಪದದಲ್ಲೇ ತೊಡಕಿದೆ. ನಲವತ್ತು ಜನರಲ್ಲಿ ಐದೇ ಜನ ಒಡಿಯಾ ಮಾತಾಡುವವರಿದ್ದರೆ ಅವರ ಕೈಗೆ ಬೆಲೆ ಕಮ್ಮಿಯೇ?

ಕನ್ನಡಿಗರಾದ ನಾವು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ನಾಮಫಲಕದಲ್ಲಿ ಶೇ. 60 ಕನ್ನಡ ಇರಲಿ ಅಂತ ಕೇಳಿದವರು ನಾವು, ಸರಿಯಾಗಿಯೇ ಕೇಳಿದೆವು. ಅಂಗಡಿಯ ಹೆಸರು ಊರಿನ ಭಾಷೆಯಲ್ಲಿರಬೇಕು ಅನ್ನೋದು ಊರಿನ ಹಕ್ಕು. ಯಂತ್ರದ ಎಚ್ಚರಿಕೆ ತನ್ನ ಭಾಷೆಯಲ್ಲಿರಬೇಕು ಅನ್ನೋದು ಕೆಲಸಗಾರನ ಹಕ್ಕು. ಒಂದು ಇನ್ನೊಂದಕ್ಕೆ ಅಡ್ಡ ಬರೋದಿಲ್ಲ. ಕರ್ನಾಟಕದ ಮಿಲ್ಲಿನಲ್ಲಿ ಕನ್ನಡದ ಕೆಳಗೆ ಒಡಿಯಾ, ಬಂಗಾಳಿ ಬಂದರೆ ಕನ್ನಡ ಸಣ್ಣದಾಗದು. ಇಷ್ಟೊಂದು ಭಾಷೆ ಎಲ್ಲಿ ತರೋದು ಅಂತ ಮಾಲೀಕರು ಕೇಳಬಹುದು. ಜನರನ್ನು ಅಷ್ಟು ದೂರದಿಂದ ತರೋಕೆ ಆಗುತ್ತೆ ಅಂದ್ಮೇಲೆ ಒಂದು ಹಾಳೆ ಅನುವಾದ ತರೋಕೂ ಆಗಬೇಕು. ಓದು ಬಾರದವರಿಗೆ ಚಿತ್ರ ಹಾಕಲಿ, ಪಾಳಿ ಶುರುವಾಗೋ ಮೊದಲು ಓದಿ ಹೇಳಲಿ.

ಇನ್ನೊಂದು ಮಾತು. ಈ ಹಾಳೆಗಳೇ ಸಾಮಿಲ್ ಜನರ ಚರಿತ್ರೆ ಕೂಡ. ಕಾಳಿ ನದಿ ದಂಡೆಯ ದಾಂಡೇಲಿಯನ್ನೇ ನೋಡಿ: ತೇಗದ ಕಾಡು, ನಾಟಾ ಡಿಪೋ, ಅಳ್ನಾವರದಿಂದ ಬಂದ ರೈಲುದಾರಿ, ಪ್ಲೈವುಡ್ ಕಾರ್ಖಾನೆ, ಆಮೇಲೆ ಕಾಗದದ ಕಾರ್ಖಾನೆ. ಕನ್ನಡ, ಕೊಂಕಣಿ, ಮರಾಠಿ, ಉರ್ದು, ತೆಲುಗು ಆಡುವವರೆಲ್ಲ ಸೇರಿ ಊರಾಯಿತು. 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟು, ಕೇಂದ್ರದ ಒಪ್ಪಿಗೆಯಿಲ್ಲದೆ ಕಾಡಿನೊಳಗೆ ಸಾಮಿಲ್, ಪ್ಲೈವುಡ್ ಮಿಲ್ ನಡೆಸಬಾರದು ಎಂದಿತು. ಕಾಡು ಉಳಿಯಲು ಅದು ಬೇಕಿತ್ತು. ಆದರೆ ಮಿಲ್ಲು ಮುಚ್ಚಿದಾಗ ಯಂತ್ರ ಹರಾಜಿಗೆ ಹೋಗುತ್ತೆ, ಲೆಕ್ಕದ ಪುಸ್ತಕ ಮಾಲೀಕರ ಮನೆಗೆ ಹೋಗುತ್ತೆ, ನೋಟೀಸು ಕಸಕ್ಕೆ ಹೋಗುತ್ತೆ. ಪಾಳಿ ಎಷ್ಟು ಗಂಟೆಗೆ, ಸಂಬಳ ಯಾವ ದಿನ, ರಜೆ ಯಾವ ಯಾವ ಹಬ್ಬಕ್ಕೆ ಎಂದು ಹೇಳುತ್ತಿದ್ದುದು ಅದೇ. ರಜೆಯ ಪಟ್ಟಿಯೊಂದೇ ಸಾಕು, ಅಲ್ಲಿ ಯಾರ್ಯಾರು ದುಡಿದರು ಅಂತ ತಿಳಿಯೋಕೆ.

ಹಾಗಾಗಿ ನಮ್ಮ ಸಂಘಕ್ಕೆ ಎರಡು ಸಲಹೆ. ಊರಿಗೆ ಹೋದಾಗ ಹಳೇ ಮಿಲ್ಲಿನವರ ಮನೆಯಲ್ಲಿ ಇಂಥ ಹಾಳೆ ಇದ್ದರೆ ಒಂದು ಫೋಟೋ ತೆಗೆದಿಡೋಣ. ನಮ್ಮಲ್ಲಿ ಐದಾರು ಭಾಷೆ ಬಲ್ಲವರಿದ್ದಾರೆ. ಯಾವುದಾದರೂ ಕಾರ್ಖಾನೆ ಕೇಳಿದರೆ ಸುರಕ್ಷತೆಯ ನೋಟೀಸನ್ನು ಪುಕ್ಕಟೆ ಅನುವಾದ ಮಾಡಿಕೊಡೋಣ. ರಾಜ್ಯೋತ್ಸವದ ಒಂದು ಹಾಡು ಕಮ್ಮಿಯಾದರೂ ಪರವಾಗಿಲ್ಲ.