ಗಾಳಿಯಿಂದ ತಣಿಯುವ ಎಂಜಿನು: ಮೊದಲು ತಾಪದ ಲೆಕ್ಕ

ಕಾರಿನ ಎಂಜಿನನ್ನು ತಾನೇ ಕಟ್ಟಲು ಹೊರಡುವ ತರುಣನು ಮೊದಲು ಕೇಳುವುದು ಅಶ್ವಶಕ್ತಿ ಎಷ್ಟೆಂದು. ಅವನು ಮೊದಲು ವಿಚಾರಿಸಬೇಕಾದುದು ತಿರುಗುಬಲವನ್ನು ಮತ್ತು ಅದರೊಡನೆಯೇ ಹುಟ್ಟುವ ತಾಪವನ್ನು ಎಂಬುದು ನಮ್ಮ ಅಭಿಪ್ರಾಯ. ತಿರುಗುಬಲವೆಂದರೆ ಟಾರ್ಕ್, ಕ್ರ್ಯಾಂಕನ್ನು ತಿರುಚುವ ಬಲ. ತುಂಬಿದ ಕಾರು ನಿಂತಲ್ಲಿಂದ ಹೊರಡಲು, ಏರು ಹತ್ತಲು ನೆರವಾಗುವುದು ಇದೇ.

ರಾಯಚೂರು, ಮಾನ್ವಿ, ದೇವದುರ್ಗಗಳ ಬೇಸಗೆಯಲ್ಲಿ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸನ್ನು ದಾಟುವುದು ಹೊಸ ಸಂಗತಿಯಲ್ಲ. ರೇಡಿಯೇಟರಿಲ್ಲದ ಎಂಜಿನಿಗೆ ಈ ಬಿಸಿಗಾಳಿಯೇ ಆಸರೆ. ಬುಲೆಟ್ ಮೋಟಾರು ಸೈಕಲ್ಲಿನ ಸಿಲಿಂಡರಿನ ಸುತ್ತ ಇರುವ ಲೋಹದ ರೆಕ್ಕೆಗಳನ್ನು ವಾಚಕರು ನೋಡಿರಬಹುದು. ತಾಪವನ್ನು ಗಾಳಿಗೆ ದಾಟಿಸುವುದೇ ಅವುಗಳ ಕೆಲಸ. ರೆಕ್ಕೆಗಳು 180 ಡಿಗ್ರಿ ಕಾದಿವೆಯೆಂದು ಇಟ್ಟುಕೊಳ್ಳೋಣ. ಹೊರಗಾಳಿ 25 ಡಿಗ್ರಿ ಇದ್ದರೆ ಅಂತರ 155. ಗಾಳಿ 45 ಡಿಗ್ರಿಗೆ ಏರಿದರೆ ಅಂತರ 135. ತಾಪವು ಹರಿಯುವುದು ಈ ಅಂತರಕ್ಕೆ ತಕ್ಕಂತೆ; ಆದುದರಿಂದ ತಣಿವು ಸುಮಾರು ಶೇಕಡಾ 13ರಷ್ಟು ತಗ್ಗುತ್ತದೆ. ಮೇಲಾಗಿ ಬಿಸಿಗಾಳಿ ಹಗುರ. ಅಷ್ಟೇ ಗಾತ್ರದ ಗಾಳಿಯ ತೂಕವು ಶೇಕಡಾ 6ರಷ್ಟು ಕಡಿಮೆ.

ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎಂಜಿನನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಆ ಹಳೆಯ ಕಾರಿನ ತಯಾರಿಕೆ 2003ರಲ್ಲಿ ಮೆಕ್ಸಿಕೋದಲ್ಲಿ ಮುಗಿದರೂ, ಅದರ ಎಂಜಿನನ್ನು ಹೊಸದಾಗಿ ಕಟ್ಟುವ ಹವ್ಯಾಸಿಗಳು ಇಂದಿಗೂ ಇದ್ದಾರೆ. ನಾಲ್ಕು ಸಿಲಿಂಡರುಗಳ 1600 ಎಂಜಿನಿನ ಬೋರ್ 85.5 ಮಿ.ಮೀ., ಸ್ಟ್ರೋಕ್ 69 ಮಿ.ಮೀ.; ಗಾತ್ರ 1584 ಘನ ಸೆಂ.ಮೀ. ತಿರುಗುಬಲವನ್ನು ಬಯಸುವವರು 82 ಮಿ.ಮೀ. ಸ್ಟ್ರೋಕಿನ ಕ್ರ್ಯಾಂಕನ್ನು ಹಾಕುವುದುಂಟು. ಆಗ ಗಾತ್ರವು 1883ಕ್ಕೆ ಏರುತ್ತದೆ. ಬಲವೂ ಸರಿಸುಮಾರು ಅದೇ ಪ್ರಮಾಣದಲ್ಲಿ ಏರುತ್ತದೆ.

ಆದರೆ ಒಂದು ಭಾಗ ಬದಲಾದರೆ ಉಳಿದವು ಹಾಗೆಯೇ ಇರಲಾರವು. ಪಿಸ್ಟನ್ 6.5 ಮಿ.ಮೀ. ಹೆಚ್ಚು ಮೇಲಕ್ಕೆ ಬರುವುದರಿಂದ ಸಿಲಿಂಡರಿನ ಬುಡಕ್ಕೆ ಬಿಲ್ಲೆ ಕೊಡಬೇಕು, ಇಲ್ಲವೇ ಬೇರೆ ಪಿಸ್ಟನ್ನನ್ನು ಆರಿಸಬೇಕು. ಅಷ್ಟು ಮಾಡಿಯೂ ದಹನಕೋಶವನ್ನು ಮೊದಲಿನಷ್ಟೇ ಉಳಿಸಿದರೆ, 7.5 ಇದ್ದ ಸಂಪೀಡನ ಅನುಪಾತವು 8.7 ಆಗುತ್ತದೆ. ಬಿಸಿಲ ನಾಡಿನಲ್ಲಿ ಇದು ಪೆಟ್ರೋಲು ಅಕಾಲದಲ್ಲಿ ಸಿಡಿದು ಎಂಜಿನು ಬಡಿದುಕೊಳ್ಳಲು ಆಹ್ವಾನ. ಆದುದರಿಂದ ದಹನಕೋಶವನ್ನೂ ಹಿಗ್ಗಿಸಬೇಕು. ಕವಾಟಗಳನ್ನು ಬಹುಕಾಲ ತೆರೆದಿಡುವ ಕ್ಯಾಮ್ ಷಾಫ್ಟ್ ಬಲವನ್ನು ಹೆಚ್ಚಿನ ವೇಗದ ಕಡೆಗೆ ಸರಿಸುತ್ತದೆ. ಅತಿ ದೊಡ್ಡ ಕಾರ್ಬುರೇಟರು ನಿಧಾನಗತಿಯಲ್ಲಿ ಇಂಧನವನ್ನು ಚೆನ್ನಾಗಿ ಬೆರೆಸಲಾರದು. ಎರಡೂ ಸೌಮ್ಯವಾಗಿರುವುದೇ ಲೇಸು.

ಇನ್ನು ಅತಿ ಮುಖ್ಯವಾದ ಮಾತು. ಬೀಟಲಿನ ಫ್ಯಾನನ್ನು ತಿರುಗಿಸುವುದು ಎಂಜಿನೇ. ಎಂಜಿನು ನಿಧಾನವಾಗಿ ತಿರುಗುತ್ತ ಭಾರವನ್ನು ಎಳೆಯುವಾಗ ತಾಪ ಹೆಚ್ಚು, ಗಾಳಿ ಕಡಿಮೆ. ಬಲಶಾಲಿ ಎಂಜಿನಿನ ಅಪಾಯ ಇಲ್ಲಿಯೇ ಅಡಗಿದೆ. ಹೀಗಿರುವಾಗ, ಒಂದಿಷ್ಟು ಅಶ್ವಶಕ್ತಿ ಉಳಿಯಲೆಂದು ಕ್ರ್ಯಾಂಕಿಗೆ ಚಿಕ್ಕ ರಾಟೆ ಹಾಕಿ ಫ್ಯಾನಿನ ವೇಗವನ್ನು ತಗ್ಗಿಸುವುದು ಅವಿವೇಕವೇ ಸರಿ. ಮೂಲ ಅಳತೆಯ ರಾಟೆ, ಗಾಳಿ ಸೋರದ ತಗಡಿನ ಹೊದಿಕೆ, ದೊಡ್ಡ ಆಯಿಲ್ ಕೂಲರು, ಎರೆನೆಲದ ಧೂಳನ್ನು ತಡೆಯುವ ಗಾಳಿಸೋಸುಕ: ಹಣವಿದ್ದರೆ ಮೊದಲು ಇವುಗಳಿಗೆ ವ್ಯಯವಾಗಲಿ. ಧೂಳು ತುಂಬಿದ ರೆಕ್ಕೆಗಳು ಇದ್ದೂ ಇಲ್ಲದಂತೆ.

ವಿದ್ಯಾರ್ಥಿಗಳು ಅಂಗಡಿಗೆ ಹೋಗುವ ಮುನ್ನ ಕಾಗದದ ಮೇಲೆ ಈ ಗುಣಾಕಾರ ಭಾಗಾಕಾರಗಳನ್ನು ಮಾಡಲಿ. ಪ್ರೌಢಶಾಲೆಯ ಗಣಿತವೇ ಇದಕ್ಕೆ ಸಾಕು. ಒಳ್ಳೆಯ ಎಂಜಿನೆಂದರೆ ದುಬಾರಿ ಭಾಗಗಳ ರಾಶಿಯಲ್ಲ. ಒಂದಕ್ಕೊಂದು ಹೊಂದಿ, ನಮ್ಮ ನಾಡಿನ ಬಿಸಿಲನ್ನೂ ತಾಳಿ ದುಡಿಯುವ ಒಕ್ಕೂಟ.